ಟಿಜುವಾನಾದ ಪಟ್ಟೆ ಕತ್ತೆಗೂ ಕಾರಣವಿದೆ

ಮಾನ್ಯ ಸಂಪಾದಕರೇ,

ಮೆಕ್ಸಿಕೊದ ಗಡಿನಗರ ಟಿಜುವಾನಾದ 'ಅವೆನಿದಾ ರೆವೊಲ್ಯೂಸಿಯೊನ್' ಬೀದಿಯ ಬಗೆಗಿನ ಪ್ರವಾಸ ಬರಹಗಳು ಹೆಚ್ಚಾಗಿ ಕುಡಿತ, ಕುಣಿತ, ಪಟ್ಟೆ ಬಳಿದ ಕತ್ತೆಯಲ್ಲೇ ಮುಗಿದುಬಿಡುತ್ತವೆ. ಬೀದಿಯನ್ನು ಹೀಗೆ ಮಾಡಿದ್ದು ಬಹುಪಾಲು ಗಡಿಯಾಚೆಯ ಕಾನೂನುಗಳು. ಅದನ್ನು ಹೇಳದಿದ್ದರೆ ಆ ಊರಿನವರಿಗೆ ಅನ್ಯಾಯ.

ಮೊದಲು ಇದಕ್ಕೆ ಒಲ್ವೆರಾ ಎಂದು ಹೆಸರಿತ್ತು. 1920ರ ಜನವರಿಯಲ್ಲಿ ಅಮೆರಿಕದಲ್ಲಿ ಪಾನನಿಷೇಧ ಜಾರಿಯಾದದ್ದೇ ತಡ, ಕ್ಯಾಲಿಫೋರ್ನಿಯಾದ ಜನ ಗಡಿ ದಾಟಿ ಬರತೊಡಗಿದರು, ಸಾಲುಸಾಲು ಬಾರ್‌ಗಳೆದ್ದವು. 1933ರ ಡಿಸೆಂಬರ್‌ನಲ್ಲಿ ನಿಷೇಧ ತೆರವಾಯಿತು. 1935ರಲ್ಲಿ ಮೆಕ್ಸಿಕೊ ಅಧ್ಯಕ್ಷ ಲಾಸಾರೊ ಕಾರ್ಡೆನಾಸ್ ಜೂಜನ್ನೂ ನಿಲ್ಲಿಸಿದರು. ಆಮೇಲೆ ಬೀದಿಯ ಕೈಹಿಡಿದವರು ಸ್ಯಾನ್ ಡಿಯಾಗೊ ನೌಕಾನೆಲೆಯ ನಾವಿಕರು ಮತ್ತು ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸಿಗರು.

ಕತ್ತೆಯ ವಿಷಯಕ್ಕೆ ಬರೋಣ. ಚಿತ್ರ ಬರೆದ ಗಾಡಿಗೆ ಕತ್ತೆ ಕಟ್ಟಿ, ಗಿರಾಕಿಯ ತಲೆಗೆ ಅಗಲ ಅಂಚಿನ ಸೊಂಬ್ರೆರೊ ಇಟ್ಟು ಫೋಟೊ ತೆಗೆಯುವುದು ಅಲ್ಲಿನ ಹಳೆಯ ಕಸುಬು. ಕಪ್ಪು-ಬಿಳುಪು ಫೋಟೊದಲ್ಲಿ ಮಾಸಲು ಬಿಳಿ ಕತ್ತೆಯ ಮೈ ಹಿನ್ನೆಲೆಯೊಡನೆ ಬೆರೆತು ಹೋಗುತ್ತಿತ್ತು. ಆಕಾರ ಎದ್ದು ಕಾಣಲೆಂದು ಕಪ್ಪು ಪಟ್ಟೆ ಬಳಿದರು. ಬಣ್ಣದ ಫೋಟೊ ಬಂದ ಮೇಲೂ ಪಟ್ಟೆ ಹೋಗಲಿಲ್ಲ; ಕತ್ತೆ ಆ ಹೊತ್ತಿಗೆ ಊರಿನ ಗುರುತಾಗಿತ್ತು.

ಸೀಸರ್ ಸಲಾಡ್ ಕೂಡ ಪಾನನಿಷೇಧದ ಕಾಲದ್ದೇ. ಇಟಲಿ ಮೂಲದ ಸೀಸರ್ ಕಾರ್ಡಿನಿ 1924ರ ಜುಲೈ 4ರಂದು ಟಿಜುವಾನಾದಲ್ಲಿ ಇದನ್ನು ಮೊದಲು ಮಾಡಿದರೆಂದು ಮಗಳು ರೋಸಾ ಹೇಳುತ್ತಿದ್ದರು. ಹಳೆಯ ಕ್ರಮದಲ್ಲಿ ರೊಮೇನ್ ಎಂಬ ಉದ್ದೆಲೆಯ ಲೆಟಿಸ್ ಸೊಪ್ಪನ್ನು ಹೆಚ್ಚುವುದಿಲ್ಲ. ಇಡೀ ಎಲೆಯ ದಂಟು ಹಿಡಿದು ಕೈಯಲ್ಲೇ ತಿನ್ನಬೇಕು. ಎಲೆಗೆ ಕಲಸುವ ಮೊಟ್ಟೆಗೆ ಕುದಿನೀರಿನಲ್ಲಿ ಒಂದೇ ನಿಮಿಷ. ತೊಳೆದ ಎಲೆಯ ಪಸೆ ಪೂರ್ತಿ ಆರಿರಬೇಕು, ಇಲ್ಲವಾದರೆ ಎಣ್ಣೆ-ಮೊಟ್ಟೆ ಹತ್ತದೆ ಬಟ್ಟಲಿನ ತಳಕ್ಕಿಳಿಯುತ್ತವೆ. ಮೇಯನೇಸ್ ಸುರಿದು ಅದೇ ಹೆಸರಲ್ಲಿ ಬಡಿಸುವುದು ಸರಿಯಲ್ಲ.

2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕಕ್ಕೆ ಮರಳುವ ಸರತಿ ಗಂಟೆಗಟ್ಟಲೆ ಬೆಳೆಯಿತು. 2008ರ ಸುಮಾರಿಗೆ ಮಾದಕವಸ್ತು ದಂಧೆಯ ಹಿಂಸಾಚಾರ. 2009ರ ಜೂನ್‌ನಿಂದ ಅಮೆರಿಕನ್ನರಿಗೂ ಮರಳಲು ಪಾಸ್‌ಪೋರ್ಟ್ ಅಥವಾ ಅಂಥದೇ ದಾಖಲೆ ಕಡ್ಡಾಯ. ಅಂಗಡಿಗಳು ಮುಚ್ಚಿದವು. ಹಾಗೆ ಖಾಲಿಯಾದ, ಇದೇ ಬೀದಿಗೆ ತೆರೆದುಕೊಳ್ಳುವ ಪಸಾಹೆ ರೊಡ್ರಿಗೆಸ್ ಓಣಿಯ ಮಳಿಗೆಗಳಿಗೆ 2010ರ ಬಳಿಕ ಬಂದವರು ಊರಿನ ಕಲಾವಿದರೇ. ಪ್ರವಾಸ ಬರಹಗಳಲ್ಲಿ ಈ ಓಣಿಗೂ ಒಂದಿಷ್ಟು ಜಾಗ ಸಿಗಲಿ.

– ಓದುಗ