ಅಮ್ಮನ ಬಲಗೈ ಹಿಡಿದವರಿಗೆ

ಕನ್ನಡ ಕೂಟದ ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಸೋತದ್ದು ನಿಮಗೆಲ್ಲ ಗೊತ್ತು. ಕಳೆದ ಭಾನುವಾರ ಅವಳು ಇಡೀ ಒಂದು ಬೇಸ್‌ಬಾಲ್ ಪಂದ್ಯದ ಸ್ಕೋರನ್ನು ಬಲಗೈಯಲ್ಲೇ ಬರೆದು ಮುಗಿಸಿದಳು. ಅಂಕಿಗಳು ಸೊಟ್ಟಗಿವೆ, ಆದರೆ ಓದಬಹುದು. ನಿಮಗೆಲ್ಲ ಇದನ್ನು ಹೇಳದೆ ಇರಲಾಗಲಿಲ್ಲ.

"ನಿಮ್ಮಮ್ಮನಿಗೆ ಬೇಸ್‌ಬಾಲಾ?" ಅಂತ ಊರ ಕಡೆಯವರು ಈಗಲೂ ಕೇಳುತ್ತಾರೆ. ನಾವಿದ್ದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಹತ್ತಿರದ ಹೇವರ್ಡ್‌ನಲ್ಲಿ. ಎಂಬತ್ತರ ದಶಕದಲ್ಲಿ ಅಪ್ಪ ಕೆಲಸಕ್ಕೆ, ನಾನು ಸ್ಕೂಲಿಗೆ ಹೋದ ಮೇಲೆ ಅಮ್ಮನ ಜೊತೆ ಮಾತಾಡಲು ಮನೆಯಲ್ಲಿ ಇದ್ದದ್ದು ರೇಡಿಯೋ ಒಂದೇ. ಅದರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡದ ಪಂದ್ಯಗಳಿಗೆ ಬಿಲ್ ಕಿಂಗ್ ಕಾಮೆಂಟರಿ ಹೇಳುತ್ತಿದ್ದರು. 1981ರಿಂದ 2005ರಲ್ಲಿ ತೀರಿಕೊಳ್ಳುವವರೆಗೂ ಅವರದೇ ದನಿ. ಭಾರೀ ಏನಾದರೂ ಆದರೆ "ಹೋಲಿ ಟೊಲೀಡೋ!" ಅಂತ ಕೂಗುತ್ತಿದ್ದರು. ನಮ್ಮನೆಯಲ್ಲಿ ಹಾಲು ಉಕ್ಕಿದರೂ ಅಮ್ಮನ ಬಾಯಲ್ಲಿ ಅದೇ. ಅಪ್ಪನಿಗೆ ಕೊನೆಯವರೆಗೂ ಇದು ಲಗೋರಿಗಿಂತ ಸ್ವಲ್ಪ ದುಬಾರಿ ಆಟ, ಅಷ್ಟೇ.

ಅಮ್ಮ ಸ್ಕೋರ್‌ಬುಕ್ ಬರೆಯುವುದನ್ನು ಕಲಿತದ್ದು ತಂಡದ ಮೈದಾನವಾದ ಓಕ್ಲೆಂಡ್ ಕೊಲಿಸಿಯಂನ ಅಗ್ಗದ ಬೆಂಚುಗಳ ಮೇಲೆ. ಪಕ್ಕ ಕೂತ ಒಬ್ಬ ಅಜ್ಜ ಪೆನ್ಸಿಲ್ ಕೊಟ್ಟು ಹೇಳಿಕೊಟ್ಟರು. ಆಟಗಾರರ ಜಾಗಕ್ಕೆಲ್ಲ ನಂಬರ್ ಇರುತ್ತದೆ. ಚೆಂಡು ಎಸೆಯುವ ಪಿಚರ್ 1, ಅದನ್ನು ಹಿಡಿಯುವ ಕ್ಯಾಚರ್ 2, ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಜಾಗ ಫಸ್ಟ್ ಬೇಸ್, ಅದನ್ನು ಕಾಯುವವನು 3, ಹೀಗೆ 9ರವರೆಗೆ. ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಸೆಕೆಂಡ್ ಬೇಸಿಗೆ ಕೊಟ್ಟು, ಅಲ್ಲಿಂದ ಫಸ್ಟ್ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3. ಅಮ್ಮ ಅದನ್ನು ೬-೪-೩ ಅಂತಲೇ ಬರೆದಳು. ಅಜ್ಜ ಬಗ್ಗಿ ನೋಡಿ, "ಸರಿಯಾಗೇ ಇರಬೇಕು ಬಿಡಿ" ಅಂದರಂತೆ.

ಆ ಪುಸ್ತಕಗಳಲ್ಲಿ ನನಗೆ ಇಷ್ಟದ ಪುಟ 2010ರ ಮೇ 9ರದ್ದು. ಅವತ್ತು ಅಮೆರಿಕದಲ್ಲಿ ಅಮ್ಮಂದಿರ ದಿನ. ನಮ್ಮ ತಂಡದ ಪಿಚರ್, ಡ್ಯಾಲಸ್ ಬ್ರೇಡನ್ ಎಂಬ ಸ್ಟಾಕ್ಟನ್ ಊರಿನ ಹುಡುಗ, ಟ್ಯಾಂಪಾ ಬೇ ತಂಡದ 27 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ. ಒಬ್ಬನೂ ಫಸ್ಟ್ ಬೇಸ್ ಮುಟ್ಟಲಿಲ್ಲ. ಇದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್ ಇತಿಹಾಸದಲ್ಲಿ ಅದು 19ನೆಯದು. ಹುಡುಗ ಹೈಸ್ಕೂಲಿನಲ್ಲಿದ್ದಾಗಲೇ ಅವನ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸಾಕಿದ್ದು ಅಜ್ಜಿ. ಪಂದ್ಯ ಮುಗಿದ ಮೇಲೆ ಆ ಅಜ್ಜಿ ಮೈದಾನಕ್ಕೇ ಬಂದು ಮೊಮ್ಮಗನನ್ನು ತಬ್ಬಿಕೊಂಡರು. ನಮ್ಮಮ್ಮನ ಪುಟದಲ್ಲಿ ಕೊನೆಯ ಚೌಕದಲ್ಲಿ ೬-೩ ಅಂತಿದೆ, ಶಾರ್ಟ್‌ಸ್ಟಾಪ್ ಫಸ್ಟ್ ಬೇಸಿಗೆ ಎಸೆದ ಕೊನೆಯ ಔಟ್. ಪೆನ್ಸಿಲ್ ಎಷ್ಟು ಒತ್ತಿ ಬರೆದಿದ್ದಾಳೆ ಅಂದರೆ ಹಿಂದಿನ ಪುಟದಲ್ಲೂ ಅಚ್ಚು ಮೂಡಿದೆ.

ಸ್ಟ್ರೋಕ್ ಆದ ಮೇಲೆ ಆ ಕೈಗೆ ಚಮಚ ಹಿಡಿಯುವುದೂ ಕಷ್ಟವಾಯಿತು. ರಬ್ಬರ್ ಚೆಂಡು ಹಿಚುಕು, ಮಣಿ ಪೋಣಿಸು ಅಂದರೆ ಅಮ್ಮನಿಗೆ ಸಿಟ್ಟು. ಥೆರಪಿಗೆ ಬರುತ್ತಿದ್ದ ಹುಡುಗಿ ಒಂದು ದಿನ ಕೇಳಿದಳು, "ಅವರ ಕೈ ಏನು ಮಾಡಿ ಅಭ್ಯಾಸ?" ಅಡುಗೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನಾನು ಸ್ಕೋರ್‌ಬುಕ್ ತಂದು ತೋರಿಸಿದೆ. ಮರುದಿನ ಅವಳು ದಪ್ಪ ಹಿಡಿಯ ಪೆನ್ಸಿಲ್ ತಂದಳು. ಆ ತಾಯಿಗೆ ನನ್ನ ಮೊದಲ ನಮಸ್ಕಾರ.

ಆದರೆ ಬರೆಯಲು ಪಂದ್ಯ ಎಲ್ಲಿ? ನಮ್ಮ ತಂಡ ಊರು ಬಿಟ್ಟಾಗಿತ್ತು. 2024ರ ಸೆಪ್ಟೆಂಬರ್ 26ರಂದು ಕೊಲಿಸಿಯಂನಲ್ಲಿ ಕೊನೆಯ ಪಂದ್ಯ ನಡೆಯಿತು. ಟೆಕ್ಸಸ್ ವಿರುದ್ಧ 3-2ರಿಂದ ಗೆದ್ದೆವು. ನೋಡಲು 46,889 ಜನ ಬಂದಿದ್ದರು. ಆಮೇಲೆ ತಂಡ ಸ್ಯಾಕ್ರಮೆಂಟೋ ಕಡೆ ಹೋಯಿತು. ಅಲ್ಲಿಯ ಪಂದ್ಯ ಹಾಕಿದರೆ ಅಮ್ಮ ಮುಖ ತಿರುಗಿಸುತ್ತಾಳೆ.

ಆಗ ನೆರವಿಗೆ ಬಂದವರು ನಮ್ಮ ಬೆಂಚಿನ ಸಾಲಿನವರೇ. ಡ್ರಮ್ ಬಾರಿಸುತ್ತಿದ್ದ ಹುಡುಗರು, ಈಗ ಅವರಿಗೂ ತಲೆ ನೆರೆತಿದೆ. ಅವರಲ್ಲೊಬ್ಬರು ರೇಡಿಯೋದಿಂದ ರೆಕಾರ್ಡ್ ಮಾಡಿಟ್ಟ ಹಳೇ ಕ್ಯಾಸೆಟ್‌ಗಳನ್ನು ಶೂ ಡಬ್ಬದಲ್ಲಿ ತುಂಬಿ ತಂದರು. ಇನ್ನೊಬ್ಬರು ಟೇಪ್ ರೆಕಾರ್ಡರ್ ರಿಪೇರಿ ಮಾಡಿ ಕೊಟ್ಟರು. ಅಮ್ಮ ಮೈದಾನಕ್ಕೆ ಒಯ್ಯುತ್ತಿದ್ದ ಕೋಡುಬಳೆಯ ಋಣ ಅಂತ ನಗುತ್ತಾರೆ. ಅವರಿಗೆ ಇಂಗ್ಲಿಷಿನಲ್ಲಿ ಬೇರೆ ಪತ್ರ ಬರೆದಿದ್ದೇನೆ. ಆದರೆ ಅವರು ಎಂಥವರು ಅಂತ ನಿಮಗೂ ತಿಳಿಯಬೇಕು.

ಭಾನುವಾರ ಹಾಕಿದ್ದು 1991ರ ಮೇ 1ರ ಪಂದ್ಯ. ಓಕ್ಲೆಂಡ್‌ನಲ್ಲೇ ಬೆಳೆದ ರಿಕಿ ಹೆಂಡರ್ಸನ್ 939ನೇ ಬೇಸ್ ಕದ್ದು ಲೂ ಬ್ರಾಕ್ ಎಂಬ ಹಳೇ ಆಟಗಾರನ ದಾಖಲೆ ಮುರಿದ ದಿನ. ಬೇಸ್ ಕದಿಯುವುದು ಅಂದರೆ ಬ್ಯಾಟರ್ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸಿಗೆ ಓಡಿ ಸೇರುವುದು. ಬೇಸ್ ಕಿತ್ತು ತಲೆಯ ಮೇಲೆತ್ತಿ ಹಿಡಿದಿದ್ದ. ರಿಕಿ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಈಗ ಅವನು ಬೇಸ್ ಕದ್ದ ಚೌಕಕ್ಕೆ ಬಂದಾಗ ಟೇಪ್ ನಿಲ್ಲಿಸು ಅಂದಳು. ನಿಧಾನವಾಗಿ ಬರೆದಳು. ಹಾಕು ಅಂದಳು.

ಇನ್ನು ನೀವು, ಕನ್ನಡ ಕೂಟದವರು. ತಿಂಗಳುಗಟ್ಟಲೆ ಸರದಿ ಹಾಕಿಕೊಂಡು ಸಾರು, ಪಲ್ಯ, ಮೆತ್ತಗಿನ ಪೊಂಗಲ್ ತಂದುಕೊಟ್ಟಿರಿ. ರಾತ್ರಿ ಆಸ್ಪತ್ರೆಯಲ್ಲಿ ಕೂತಿರಿ. ನನ್ನ ಮಗಳನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬಂದಿರಿ. ಹೆಸರು ಹಿಡಿದು ಬರೆದರೆ ಯಾರಾದರೂ ಬಿಟ್ಟುಹೋಗುತ್ತಾರೆ, ಅದಕ್ಕೇ ಬರೆದಿಲ್ಲ. ನಿಮ್ಮ ಸ್ಟೀಲ್ ಡಬ್ಬಿಗಳೆಲ್ಲ ತೊಳೆದು ನಮ್ಮ ಅಡುಗೆಮನೆ ಶೆಲ್ಫ್ ಮೇಲೆ ಇವೆ. ಆದರೆ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಅಮ್ಮನ ಹಟ. ಕೋಡುಬಳೆ ಹೊಸೆಯುವಷ್ಟು ಬೆರಳು ಇನ್ನೂ ಮಣಿಯುತ್ತಿಲ್ಲ. ದಯವಿಟ್ಟು ಸ್ವಲ್ಪ ದಿನ ಬೇರೆ ಡಬ್ಬಿಯಲ್ಲಿ ಸುಧಾರಿಸಿಕೊಳ್ಳಿ.