ಈ ವಾರ ರೇಡಿಯೋಹೆಡ್, ಬಂದ ಕ್ರಮದಲ್ಲೇ

ಗೆಳೆಯರೇ, ಈ ವಾರ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್ ಸರದಿ. ಆಲ್ಬಮ್‌ಗಳನ್ನು ಬಂದ ಕ್ರಮದಲ್ಲೇ ಕೇಳಿ, ಷಫಲ್ ಬೇಡ. 1993ರ 'ಪ್ಯಾಬ್ಲೋ ಹನಿ' ಒಂದು ಸಲ ಸಾಕು. 1995ರ 'ದ ಬೆಂಡ್ಸ್'ನಲ್ಲಿ ಮೂರು ಗಿಟಾರ್‌ಗಳ ಹೆಣಿಗೆ ಗಮನಿಸಿ. 1997ರ 'ಓಕೆ ಕಂಪ್ಯೂಟರ್' ಆದಮೇಲೆ ಸ್ವಲ್ಪ ಬಿಡುವು ಕೊಟ್ಟು 2000ದ 'ಕಿಡ್ ಎ' ಹಾಕಿ. ಇದಕ್ಕೆ ಜಾಸ್ತಿ ಸಮಯ ಬೇಕು. ಮೊದಲ ಹಾಡಲ್ಲಿ ಗಿಟಾರ್ ಬದಲು ಸಿಂತಸೈಜರ್. ಗಾಯಕ ಥಾಮ್ ಯಾರ್ಕ್ ದನಿಯನ್ನೇ ತುಂಡು ಮಾಡಿ ಜೋಡಿಸಿದ್ದಾರೆ. ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಕೈಗೆ ಓಂಡ್ ಮಾರ್ಟೆನೋ ಎಂಬ ಹಳೆಯ ಫ್ರೆಂಚ್ ಎಲೆಕ್ಟ್ರಾನಿಕ್ ವಾದ್ಯ ಬಂದಿದೆ. ಮೊದಲ ಸಲ ಕೇಳಿದಾಗ ಸಿಡಿಯೇ ಕೆಟ್ಟಿದೆ ಅಂದುಕೊಂಡಿದ್ದೆ! 2007ರ 'ಇನ್ ರೇನ್‌ಬೋಸ್'ನಲ್ಲಿ ಗಿಟಾರ್ ಮತ್ತೆ ಮುಂದೆ ಬರುತ್ತದೆ, ಆದರೆ ಮೆತ್ತಗೆ. ಭಾನುವಾರ ರಾತ್ರಿಯೊಳಗೆ ಅನಿಸಿಕೆ ಬರೆಯಿರಿ. ಸುಮ್ನೆ ಲಿಂಕ್ ಫಾರ್ವರ್ಡ್ ಮಾಡಬೇಡಿ.