ಹೊಸಬರ ಕೈಗೆ ಯಾವ ತಂಡ ಕೊಡಬೇಕು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಸೂಪರ್‌ಹೀರೋ ಬೊಂಬೆಗಳನ್ನು ಹಲಗೆಯ ಮೇಲೆ ಕಾದಾಡಿಸುವ ಹೀರೋಕ್ಲಿಕ್ಸ್ ಆಟ ಕಲಿಯಲು ಹೊಸಬರು ಬರುತ್ತಿದ್ದಾರೆ, ಅವರಿಗೆ ಯಾವ ಬೊಂಬೆಗಳನ್ನು ಕೊಡಲಿ ಎಂದು ಕೇಳಿದ್ದೀಯೆ. ನಿಯಮಗಳನ್ನು ಹೇಗೆ ವಿವರಿಸಲಿ ಎಂದು ಕೇಳದೆ ತಂಡದ ಬಗ್ಗೆ ಕೇಳಿದ್ದು ನನಗೆ ತುಂಬಾ ಹಿಡಿಸಿತು. ಈ ಆಟವನ್ನು ಬಾಯಿಮಾತಿನಲ್ಲಿ ಕಲಿಸಲು ಹೊರಟರೆ ಮೊದಲ ದಾಳ ಉರುಳುವ ಮುಂಚೆಯೇ ಎದುರಿಗಿರುವವರ ಕಣ್ಣು ಮಂಕಾಗುತ್ತದೆ. ತಂಡವನ್ನು ಸರಿಯಾಗಿ ಕಟ್ಟಿದರೆ ಪಾಠದ ಬಹುಪಾಲನ್ನು ಬೊಂಬೆಗಳೇ ಮಾಡಿಬಿಡುತ್ತವೆ. ಹಾಗಾಗಿ ನಿನ್ನ ಸಮಯವನ್ನೆಲ್ಲ ಅಲ್ಲಿಗೇ ಹಾಕು.

ವಿಜ್‌ಕಿಡ್ಸ್ ಕಂಪನಿ 2002ರಲ್ಲಿ ಈ ಆಟವನ್ನು ಹೊರತಂದ ದಿನದಿಂದಲೂ ಅದರ ಜೀವಾಳವಿರುವುದು ಬೊಂಬೆಯ ಕಾಲಡಿಯ ಡಯಲ್‌ನಲ್ಲಿ. ವೇಗ, ದಾಳಿ, ರಕ್ಷಣೆ, ಏಟು ಎಂಬ ನಾಲ್ಕು ಸಂಖ್ಯೆಗಳು ಅಲ್ಲಿ ಕಾಣುತ್ತವೆ. ಪೆಟ್ಟು ಬಿದ್ದಷ್ಟು ಕ್ಲಿಕ್ ಡಯಲ್ ತಿರುಗುತ್ತದೆ, ಸಂಖ್ಯೆಗಳು ಬದಲಾಗುತ್ತವೆ. ಹೊಸಬರಿಗೆ ಇಷ್ಟು ಎರಡೇ ನಿಮಿಷದಲ್ಲಿ ಅರ್ಥವಾಗುತ್ತದೆ. ಕಷ್ಟ ಶುರುವಾಗುವುದು ಬಣ್ಣಗಳಿಂದ. ಪ್ರತಿ ಬಣ್ಣವೂ ಒಂದು ಶಕ್ತಿಯ ಗುರುತು, ಆದರೆ ಆ ಬಣ್ಣ ಯಾವ ಸಂಖ್ಯೆಯ ಮೇಲಿದೆ ಎಂಬುದರ ಮೇಲೆ ಶಕ್ತಿಯೂ ಬೇರೆ. ಹಸಿರು ವೇಗದ ಸಂಖ್ಯೆಯ ಮೇಲಿದ್ದರೆ ಚಾರ್ಜ್, ಅಂದರೆ ನುಗ್ಗಿ ಹೊಡೆಯುವುದು. ಅದೇ ಹಸಿರು ದಾಳಿಯ ಸಂಖ್ಯೆಯ ಮೇಲಿದ್ದರೆ ಸೂಪರ್ ಸ್ಟ್ರೆಂತ್, ಅಂದರೆ ಭಾರದ ವಸ್ತುವನ್ನು ಎತ್ತಿ ಬಡಿಯುವ ಬಲ. ಇಂಥ ಹತ್ತಾರು ಶಕ್ತಿಗಳನ್ನು ಒಮ್ಮೆಲೇ ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಇಲ್ಲೇ ಥೀಮ್ ನೆರವಿಗೆ ಬರುವುದು. ಥೀಮ್ ತಂಡ ಎಂದರೆ ಒಂದೇ ಕೀವರ್ಡ್ (‘ಅವೆಂಜರ್ಸ್’ನಂಥ ಬಳಗದ ಹೆಸರು) ಹೊತ್ತ ಬೊಂಬೆಗಳ ಗುಂಪು ಎಂದೂ, ಆಟ ಅದಕ್ಕೆ ಕೆಲವು ಅನುಕೂಲಗಳನ್ನು ಕೊಡುತ್ತದೆ ಎಂದೂ ನಿನಗೆ ಗೊತ್ತೇ ಇದೆ. ಕಲಿಸುವಾಗ ಆ ಅನುಕೂಲಗಳನ್ನು ಪೂರ್ತಿ ಮರೆತುಬಿಡು. ನಮಗೆ ಬೇಕಾದದ್ದು ಜನರ ತಲೆಯಲ್ಲಿ ಮೊದಲೇ ಇರುವ ಕಥೆ. ಐರನ್ ಮ್ಯಾನ್ ಹಾರುತ್ತಾನೆ, ದೂರದಿಂದ ಹೊಡೆಯುತ್ತಾನೆ. ವುಲ್ವರೀನ್ ಹತ್ತಿರ ನುಗ್ಗಿ ಉಗುರಿನಿಂದ ಸೀಳುತ್ತಾನೆ. ಹಲ್ಕ್ ಕೈಗೆ ಸಿಕ್ಕಿದ್ದನ್ನು ಎತ್ತಿ ಬಡಿಯುತ್ತಾನೆ. ಇವನ್ನು ನೀನು ಹೇಳಿಕೊಡಬೇಕಿಲ್ಲ. ಡಯಲ್‌ನ ಬಣ್ಣವೂ ಅದನ್ನೇ ಹೇಳುತ್ತಿದೆ ಎಂದು ಬೆರಳಿಟ್ಟು ತೋರಿಸಿದರೆ ಸಾಕು.

ನಾನು ಮೊದಲ ಆಟಕ್ಕೆ ಇಡುವ ಎರಡು ತಂಡಗಳು ಇವು. ಒಂದು ಕಡೆ ಅವೆಂಜರ್ಸ್: ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕ, ಹಲ್ಕ್. ಇನ್ನೊಂದು ಕಡೆ ಎಕ್ಸ್-ಮೆನ್: ಸೈಕ್ಲಾಪ್ಸ್, ವುಲ್ವರೀನ್, ಕೊಲೊಸಸ್. ಎರಡರಲ್ಲೂ ದೂರದಿಂದ ಹೊಡೆಯುವವನೊಬ್ಬ, ನುಗ್ಗುವವನೊಬ್ಬ, ಬಲಶಾಲಿಯೊಬ್ಬ. ಆಕಾರ ಒಂದೇ ಆದ್ದರಿಂದ ಒಬ್ಬ ಆಟಗಾರ ಎದುರಾಳಿಯ ಬೊಂಬೆಯನ್ನು ನೋಡಿಯೂ ತನ್ನದರ ಬಗ್ಗೆ ಕಲಿಯುತ್ತಾನೆ. ಮುಖ್ಯವಾಗಿ ರನ್ನಿಂಗ್ ಶಾಟ್ ಮತ್ತು ಚಾರ್ಜ್ ಒಂದೇ ನಿಯಮದ ಎರಡು ಮುಖ. ಅರ್ಧ ವೇಗದಷ್ಟು ಚಲಿಸಿ ದೂರದ ದಾಳಿ ಮಾಡಿದರೆ ಮೊದಲನೆಯದು, ಅಷ್ಟೇ ಚಲಿಸಿ ಪಕ್ಕದವನನ್ನು ಹೊಡೆದರೆ ಎರಡನೆಯದು. ಒಂದನ್ನು ಹೇಳಿಕೊಟ್ಟರೆ ಇನ್ನೊಂದು ತಾನಾಗಿಯೇ ಬರುತ್ತದೆ.

ಹೆಸರು ನೋಡಿ ಬೊಂಬೆ ಆರಿಸಬೇಡ, ಡಯಲ್ ನೋಡಿ ಆರಿಸು. ಒಬ್ಬೊಬ್ಬ ನಾಯಕನಿಗೂ ಹತ್ತಾರು ಆವೃತ್ತಿಗಳಿವೆ. ಕಾರ್ಡಿನ ತುಂಬ ಸಣ್ಣಕ್ಷರದ ವಿಶೇಷ ಶಕ್ತಿಗಳಿರುವುದನ್ನು ಪಕ್ಕಕ್ಕಿಡು, ಎಷ್ಟೇ ಅಂದವಾಗಿದ್ದರೂ ಸರಿ. ಸಾಮಾನ್ಯ ಶಕ್ತಿಗಳಷ್ಟೇ ಇರುವ ಹಳೆಯ, ಸರಳ ಆವೃತ್ತಿಗಳೇ ಪಾಠಕ್ಕೆ ಒಳ್ಳೆಯವು.

ಇನ್ನು ಸಂಖ್ಯೆಗಳ ವಿಚಾರ. ಇದಕ್ಕೆ ಯಾರೂ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ ಎಂಬುದು ನನ್ನ ಅನಿಸಿಕೆ. ಎರಡು ದಾಳ ಉರುಳಿಸಿ, ದಾಳಿಯ ಸಂಖ್ಯೆಯನ್ನು ಕೂಡಿಸಿ, ಎದುರಾಳಿಯ ರಕ್ಷಣೆಯನ್ನು ಮುಟ್ಟಬೇಕು. ದಾಳಿ 10, ರಕ್ಷಣೆ 17 ಇದ್ದರೆ ದಾಳದಲ್ಲಿ 7 ಬೇಕು. 36 ಸಾಧ್ಯತೆಗಳಲ್ಲಿ 21 ನಿನ್ನ ಪರ. ರಕ್ಷಣೆ 16 ಆದರೆ ಅದು 26ಕ್ಕೆ ಏರುತ್ತದೆ. ಅದೇ ದಾಳಿ 9 ಆಗಿ ರಕ್ಷಣೆ 18 ಆಯಿತೋ, 36ರಲ್ಲಿ ಬರೇ 10. ಅನುಭವಿಗಳಿಗೆ ಅದು ರೋಚಕ ಪಂದ್ಯ, ಯಾಕೆಂದರೆ ಆ ಕೊರತೆ ತುಂಬಿಕೊಳ್ಳುವ ದಾರಿಗಳು ಅವರಿಗೆ ಗೊತ್ತು. ಹೊಸಬನಿಗೆ ಮಾತ್ರ ಮೂರು ಸರದಿ ಸತತವಾಗಿ ಹೊಡೆತ ತಪ್ಪಿದರೆ ಆಟವೇ ಬೇಡವೆನಿಸುತ್ತದೆ. ಆದ್ದರಿಂದ ಆರಂಭದ ಕ್ಲಿಕ್‌ನಲ್ಲಿ ರಕ್ಷಣೆ 17 ದಾಟದ ಬೊಂಬೆಗಳನ್ನೇ ಆರಿಸು. ಬಿದ್ದ ಏಟಿನಲ್ಲಿ ಒಂದನ್ನು ಕಳೆಯುವ ಟಫ್‌ನೆಸ್ ಇರಲಿ, ಅದು ಕಲಿಯಲು ಸುಲಭ. ಇಂಪರ್ವಿಯಸ್ ಬೇಡ. ಕಷ್ಟಪಟ್ಟು ತಾಗಿಸಿದ ಏಟು ಪೂರ್ತಿ ವ್ಯರ್ಥವಾಗುವುದನ್ನು ಮೊದಲ ದಿನವೇ ಯಾರೂ ನೋಡಬಾರದು.

ಪ್ರತಿ ಬೊಂಬೆಗೂ ಪಾಯಿಂಟ್‌ಗಳಲ್ಲಿ ಒಂದು ಬೆಲೆಯಿದೆ. ತಂಡದ ಒಟ್ಟು ಪಾಯಿಂಟ್ ಎಷ್ಟಿರಬೇಕು? ಮಾಮೂಲಿ 300 ಬೇಡ, 200 ಸಾಕು. ಕಾರಣ ಸಮಯದ ಉಳಿತಾಯವಷ್ಟೇ ಅಲ್ಲ. ಪ್ರತಿ 100 ಪಾಯಿಂಟ್‌ಗೆ ಸರದಿಗೊಂದು ಆ್ಯಕ್ಷನ್, ಅಂದರೆ ಒಂದು ಬೊಂಬೆಯನ್ನು ದುಡಿಸುವ ಅವಕಾಶ ಸಿಗುತ್ತದೆ, 200ಕ್ಕೆ ಎರಡು. ಬೊಂಬೆಗಳು ಮೂರು, ಆ್ಯಕ್ಷನ್ ಎರಡು ಎಂದಾಗ ಪ್ರತಿ ಸರದಿಯಲ್ಲೂ ಒಬ್ಬನನ್ನು ಸುಮ್ಮನೆ ನಿಲ್ಲಿಸಲೇಬೇಕು. ಈ ಆಟದ ಲಯವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉಪಾಯ ನನಗೆ ಗೊತ್ತಿಲ್ಲ. ಹಲ್ಕ್‌ನಿಂದಾಗಿ ಪಾಯಿಂಟ್ ಮೀರಿದರೆ ಅವನ ಜಾಗಕ್ಕೆ ಶೀ-ಹಲ್ಕ್‌ಳನ್ನು ತಂದುಕೋ, ಕೆಲಸ ಅದೇ.

ಇತ್ತೀಚೆಗೆ ಒಬ್ಬ ಹುಡುಗಿಗೆ ಕಲಿಸುವಾಗ ನಡೆದದ್ದನ್ನು ಹೇಳುತ್ತೇನೆ. ಅವಳದು ಎಕ್ಸ್-ಮೆನ್. ವುಲ್ವರೀನ್ ಹಿಂದಿನ ಸರದಿಯಲ್ಲಿ ನುಗ್ಗಿ ಬಂದು ಕ್ಯಾಪ್ಟನ್‌ನ ಪಕ್ಕದ ಚೌಕದಲ್ಲಿ ನಿಂತಿದ್ದ, ಕಾಲಡಿಯಲ್ಲಿ ಒಂದು ಟೋಕನ್, ಅಂದರೆ ಆ್ಯಕ್ಷನ್ ಬಳಸಿದ ಗುರುತು. ಈಗ ಮತ್ತೆ ಅವನನ್ನೇ ದುಡಿಸಿದರೆ ಎರಡನೆಯ ಟೋಕನ್ ಬಿದ್ದು ಅವನೇ ಒಂದು ಕ್ಲಿಕ್ ಪೆಟ್ಟು ತಿನ್ನುತ್ತಾನೆ. ಬಿಟ್ಟರೆ ಕ್ಯಾಪ್ಟನ್ ತಿರುಗಿ ಹೊಡೆಯುತ್ತಾನೆ. ಅವಳು ಡಯಲನ್ನು ನೋಡಿದಳು, ಕ್ಯಾಪ್ಟನ್‌ನನ್ನು ನೋಡಿದಳು, ‘ವುಲ್ವರೀನ್ ಗಾಯಕ್ಕೆ ಹೆದರುವವನಲ್ಲ’ ಎಂದು ತನಗೆ ತಾನೇ ಹೇಳಿಕೊಂಡು ಟೋಕನ್ ಇಟ್ಟೇಬಿಟ್ಟಳು. ಪೆಟ್ಟಿನಿಂದ ಡಯಲ್ ತಿರುಗಿದಾಗ ರಕ್ಷಣೆಯ ಮೇಲೆ ಕಪ್ಪು ಬಣ್ಣ ಬಂತು. ‘ಇದೇನು?’ ಎಂದು ಕೇಳಿದಳು. ರೀಜನರೇಷನ್, ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿ ಎಂದೆ. ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಅವಳಿಗೆ ಪುಷ್ ಮಾಡುವ, ಅಂದರೆ ಒಬ್ಬನನ್ನೇ ಸತತ ಎರಡು ಸರದಿ ದುಡಿಸುವ ನಿಯಮವನ್ನು ಮತ್ತೆಂದೂ ಹೇಳಬೇಕಾಗಲಿಲ್ಲ.

ಇದೇ ಕಾರಣಕ್ಕೆ ಮೊದಲ ಆಟದಲ್ಲಿ ವಿಲ್‌ಪವರ್ ಇರುವ ಬೊಂಬೆ ಬೇಡ ಎನ್ನುತ್ತೇನೆ. ಅವರಿಗೆ ಪುಷ್‌ನ ಪೆಟ್ಟಿಲ್ಲ. ನಿಯಮ ಮನಸ್ಸಿಗೆ ಇಳಿಯುವ ಮೊದಲೇ ವಿನಾಯಿತಿ ತೋರಿಸಿದರೆ ಎರಡೂ ಕಲಸಿಹೋಗುತ್ತವೆ. ಹಾಗೆಯೇ ಔಟ್‌ವಿಟ್, ಪರ್‌ಪ್ಲೆಕ್ಸ್, ಪ್ರಾಬಬಿಲಿಟಿ ಕಂಟ್ರೋಲ್. ಎದುರಾಳಿಯ ಶಕ್ತಿಯನ್ನು ಅಳಿಸುವುದು, ಸಂಖ್ಯೆಯನ್ನು ಏರಿಳಿಸುವುದು, ದಾಳವನ್ನು ಮತ್ತೆ ಉರುಳಿಸುವುದು: ಈ ಮೂರನ್ನೂ ಬಳಸಬೇಕಾದರೆ ಹಲಗೆಯ ಮೇಲಿನ ಎಲ್ಲರ ಡಯಲ್ ಗೊತ್ತಿರಬೇಕು. ಅನುಭವಿಗಳು ಇವಿಲ್ಲದೆ ತಂಡವನ್ನೇ ಕಟ್ಟುವುದಿಲ್ಲ, ನನಗೂ ಇವು ಬಹಳ ಪ್ರಿಯ. ಆದರೂ ಮೊದಲ ದಿನ ಪೆಟ್ಟಿಗೆಯಲ್ಲೇ ಇರಲಿ. ಫ್ಲ್ಯಾಶ್ ಕೂಡ ಅಲ್ಲೇ ಇರಲಿ. ಓಡಿ ಬಂದು ಹೊಡೆದು ಮತ್ತೆ ಓಡಿಹೋಗುವವನ ಎದುರು ಏನು ಮಾಡಬೇಕೆಂದು ಹೊಸಬರಿಗೆ ತೋಚುವುದಿಲ್ಲ.

ಎರಡನೆಯ ಆಟಕ್ಕೆ ಬ್ಯಾಟ್‌ಮನ್‌ನ ಬಳಗವನ್ನು ಹೊರತೆಗೆ. ಕತ್ತಲಲ್ಲಿ ಅಡಗುವವರು ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಸ್ಟೆಲ್ತ್ ಮತ್ತು ಮರೆ ನೀಡುವ ಚೌಕಗಳ ನಿಯಮ ಜೊತೆಜೊತೆಯಾಗಿ ಹೋಗುತ್ತದೆ. ಒಂದು ಆಟಕ್ಕೆ ಒಂದೇ ಹೊಸ ವಿಷಯ, ಅದಕ್ಕಿಂತ ಹೆಚ್ಚು ಬೇಡ.

ಮೇಜಿನ ಬಳಿ ನಿನ್ನ ನಡವಳಿಕೆಯ ಬಗ್ಗೆ ಒಂದೆರಡು ಮಾತು. ತಂಡವನ್ನು ಅವರೇ ಆರಿಸಲಿ, ಉಳಿದದ್ದು ನಿನಗೆ. ಡಯಲ್ ತಿರುಗಿಸುವುದು ಅವರ ಬೆರಳೇ ಆಗಿರಲಿ. ‘ಈಗ ಏನು ಮಾಡಲಿ?’ ಎಂದು ಕೇಳಿದರೆ ಉತ್ತಮ ನಡೆಯನ್ನು ಹೇಳಬೇಡ, ಆ ಬೊಂಬೆ ಏನೇನು ಮಾಡಬಲ್ಲದು ಎಂಬುದನ್ನಷ್ಟೇ ಹೇಳು. ಎತ್ತಿ ಬಡಿಯಲು ಒಂದೆರಡು ಭಾರದ ವಸ್ತುಗಳನ್ನು ಹಲಗೆಯ ನಡುವೆ ಇಡುವುದನ್ನು ಮರೆಯಬೇಡ. ಕೊಲೊಸಸ್ ಅದನ್ನು ಎತ್ತಿಕೊಂಡ ಕ್ಷಣ ಇಡೀ ಮೇಜು ಮುಂದಕ್ಕೆ ಬಾಗುತ್ತದೆ.

ನಿನ್ನ ಪೆಟ್ಟಿಗೆಯಲ್ಲಿ ಈ ಆರು ಜನರ ಯಾವ ಯಾವ ಆವೃತ್ತಿಗಳಿವೆ ಎಂದು ಡಯಲ್‌ನ ಚಿತ್ರಗಳ ಜೊತೆ ಬರೆದು ಕಳುಹಿಸು. ಕೊಲೊಸಸ್ ಇಲ್ಲದಿದ್ದರೆ ಚಿಂತೆಯಿಲ್ಲ, ಸೂಪರ್ ಸ್ಟ್ರೆಂತ್ ಇರುವ ಯಾವ ಎಕ್ಸ್-ಮೆನ್ ಆದರೂ ನಡೆಯುತ್ತದೆ. ಎರಡು ತಂಡಗಳ ಪಾಯಿಂಟ್ ಸರಿದೂಗಿಸಿ ಹೊಸಬರು ಬರುವ ಮೊದಲೇ ನಿನಗೆ ತಲುಪಿಸುತ್ತೇನೆ.

ಇಂತಿ ನಿನ್ನ ಗೆಳೆಯ